ಕರ್ನಾಟಕ ಎಂಬ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಹತ್ತಿರವಾದಂತೆ ಶಾಲೆಯ ಮಕ್ಕಳು ಭಾಷಣಕ್ಕೆಂದೂ ದೊಡ್ಡವರು ವಾದಕ್ಕೆಂದೂ ಈ ಹೆಸರಿನ ಅರ್ಥವನ್ನು ಕೇಳುತ್ತಾರೆ. ಇಬ್ಬರಿಗೂ ಸಾಮಾನ್ಯವಾಗಿ ಸಿಗುವುದು ‘ಕರಿಮಣ್ಣಿನ ನಾಡು’ ಎಂಬ ಒಂದೇ ಸಾಲಿನ ಉತ್ತರ. ಅದು ತಪ್ಪೆಂದು ಹೇಳಲಾಗದು. ಆದರೆ ಅಷ್ಟಕ್ಕೇ ನಿಂತವರಿಗೆ ಈ ಹೆಸರಿನ ಸ್ವಾರಸ್ಯವೆಲ್ಲ ತಪ್ಪಿಹೋಗುತ್ತದೆ. ಒಂದು ಕಾಲಕ್ಕೆ ಇದು ಒಂದು ಸೈನ್ಯದ ಹೆಸರಾಗಿತ್ತು. ಇನ್ನೊಂದು ಕಾಲಕ್ಕೆ ಮಿಥಿಲೆಯ ಅರಸುಮನೆತನವೊಂದರ ಹೆಸರಾಗಿತ್ತು. ಮತ್ತೊಂದು ಕಾಲಕ್ಕೆ ಮೈಸೂರು ಧಾರವಾಡಗಳನ್ನು ಬಿಟ್ಟು ಆರ್ಕಾಟಿಗೆ ಅಂಟಿಕೊಂಡಿತ್ತು. ಅರ್ಥದ ಚರ್ಚೆ ಇನ್ನೂ ಮುಗಿದಿಲ್ಲವಾದರೂ, ಯಾರು ಯಾರನ್ನು ಯಾವಾಗ ಈ ಹೆಸರಿನಿಂದ ಕರೆದರು ಎಂಬುದಕ್ಕೆ ಮಾತ್ರ ಗಟ್ಟಿಯಾದ ದಾಖಲೆಗಳಿವೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಬಳಕೆಗೇ ಹೆಚ್ಚು ಜಾಗ ಸಿಕ್ಕಿದೆ.

‘ಕರ್ನಾಟಕ’ ಪದದ ಅರ್ಥವೇನು?

ವಿದ್ವಾಂಸರು ಒಪ್ಪಿಕೊಂಡ ಒಂದೇ ಅರ್ಥವೆಂಬುದು ಇಲ್ಲ. ಹೆಚ್ಚು ಜನ ಹೇಳುವುದು ‘ಕರ್’ ಮತ್ತು ‘ನಾಡು’ ಸೇರಿ ಆದ ಪದ ಎಂದು. ‘ಕರ್’ ಎಂದರೆ ಕಪ್ಪು. ಕರ್ಮುಗಿಲು ಎನ್ನುವಾಗ, ಕಬ್ಬಿಣದ ಹಳೆಯ ರೂಪವಾದ ಕರ್ಬುನದಲ್ಲಿ, ಕಪ್ಪು ಎಂಬ ಪದದ ಹಳೆಯ ರೂಪವಾದ ಕರ್ಪಿನಲ್ಲಿ ಇರುವುದು ಇದೇ ಧಾತು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಇದನ್ನು ದಖ್ಖನದ ಎರೆಭೂಮಿಯೊಂದಿಗೆ ಜೋಡಿಸಿ ‘ಕಪ್ಪು ನೆಲದ ದೇಶ’ ಎಂದು ವಿವರಿಸಿದರು. ಆ ವಿವರಣೆಯೇ ಪಠ್ಯಪುಸ್ತಕಗಳಿಗೆ ಇಳಿದು ಬಂದಿದೆ.

ಎರಡನೆಯದು ‘ಕರು’ ಮತ್ತು ‘ನಾಡು’ ಎಂಬ ವಿಂಗಡಣೆ. ಇಲ್ಲಿ ‘ಕರು’ ಎಂದರೆ ಎತ್ತರ. ಹಳಗನ್ನಡದಲ್ಲಿ ಉಪ್ಪರಿಗೆಯ ಮನೆಗೆ ‘ಕರುಮಾಡ’ ಎಂಬ ಪದವಿದೆ. ‘ಕರು’ವಿಗೆ ಎತ್ತರದ ಅರ್ಥವಿದ್ದುದಕ್ಕೆ ಅದೇ ಸಾಕ್ಷಿ ಎನ್ನುತ್ತಾರೆ. ತಮಿಳುನಾಡಿನ ಬಯಲಿನಿಂದ ಘಟ್ಟ ಹತ್ತಿ ಬೆಂಗಳೂರಿಗೆ ಬರುವವರು ಸುಮಾರು 900 ಮೀಟರ್ ಎತ್ತರಕ್ಕೆ ಏರಬೇಕು. ಕರಾವಳಿಯಿಂದ ಬರುವವರಿಗೂ ಸಹ್ಯಾದ್ರಿಯ ಗೋಡೆ ಎದುರಾಗುತ್ತದೆ. ಕೆಳಗಿನವರ ಕಣ್ಣಿಗೆ ಇದು ಮೇಲಿನ ನಾಡಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಮೂರನೆಯದು ‘ಕಮ್ಮಿತು’, ಅಂದರೆ ಕಂಪಿನ ನಾಡು ಎಂಬುದು. ಶ್ರೀಗಂಧವನ್ನು ನೆನೆದು ಇದನ್ನು ಹೇಳುವವರು ಬಹಳ. ಪದದ ರೂಪ ಮಾತ್ರ ಅಷ್ಟು ಸುಲಭವಾಗಿ ಇದಕ್ಕೆ ಒಗ್ಗುವುದಿಲ್ಲ. ಇವೆಲ್ಲಕ್ಕಿಂತ ಬೇರೆಯಾದ ದಾರಿ ಹಿಡಿದವರು ಸಂಶೋಧಕ ಶಂ.ಬಾ. ಜೋಶಿ. ನಾಡಿನ ಹೆಸರು ಮಣ್ಣಿನಿಂದಾಗಲಿ ಎತ್ತರದಿಂದಾಗಲಿ ಬಂದುದಲ್ಲ, ಅಲ್ಲಿ ನೆಲೆಸಿದ್ದ ಜನವರ್ಗದಿಂದ ಬಂದುದು ಎಂಬುದು ಅವರ ವಾದ. ಅವರ ತೀರ್ಮಾನಗಳನ್ನೆಲ್ಲ ಒಪ್ಪದವರೂ ಅವರು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಏಕೆಂದರೆ ಹಳೆಯ ಉಲ್ಲೇಖಗಳಲ್ಲಿ ಈ ಹೆಸರು ನೆಲಕ್ಕಿಂತ ಜನರ ಹೆಸರಾಗಿಯೇ ಹೆಚ್ಚಾಗಿ ಕಾಣಿಸುತ್ತದೆ.

ಹಾಗಾದರೆ ‘ಕರಿಮಣ್ಣಿನ ನಾಡು’ ಎಂಬುದನ್ನು ನಂಬಬಹುದೇ?

ನಂಬುವುದಕ್ಕೆ ಒಂದು ಒಳ್ಳೆಯ ಕಾರಣವೂ ಅನುಮಾನಿಸುವುದಕ್ಕೆ ಒಂದೆರಡು ಕಾರಣಗಳೂ ಇವೆ. ಮೊದಲು ಅನುಮಾನ. ಇಂದಿನ ರಾಜ್ಯದ ನಕ್ಷೆಯನ್ನು ಹರಡಿ ನೋಡಿದರೆ ಕೋಲಾರ, ತುಮಕೂರು, ಮೈಸೂರುಗಳ ಬಹುಭಾಗ ಕೆಂಪು ಮಣ್ಣು. ಕರಾವಳಿ ಮತ್ತು ಮಲೆನಾಡಿನಲ್ಲಿ ಜಂಬಿಟ್ಟಿಗೆಯ ನೆಲ. ಕರಿಮಣ್ಣು ಇರುವುದು ಉತ್ತರದ ಬಯಲುಸೀಮೆಯಲ್ಲಿ. ಇಡೀ ನಾಡಿಗೆ ಒಂದು ಭಾಗದ ಮಣ್ಣಿನ ಹೆಸರು ಹೇಗೆ ಬಂದೀತು ಎಂದು ಯಾರಾದರೂ ಕೇಳಬಹುದು.

ಆದರೆ ಹೆಸರುಗಳು ಹುಟ್ಟುವುದು ಇಂದಿನ ನಕ್ಷೆಯ ಮೇಲಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಿನ ನಾಡನ್ನು ಹೆಸರಿಸುತ್ತದೆ. ಇವು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಮಲಪ್ರಭೆಯ ಆಚೀಚಿನ ಈ ಸೀಮೆಯಲ್ಲಿ ನಡೆದಾಡಿದವರಿಗೆ ಎರೆಯ ಬಗ್ಗೆ ಬೇರೆ ವಿವರಣೆ ಬೇಕಿಲ್ಲ. ಬೇಸಿಗೆಯಲ್ಲಿ ನರಗುಂದದ ಕಡೆಯ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು ಬಿಟ್ಟಿರುತ್ತದೆ. ಒಂದು ಮಳೆ ಬಿದ್ದು ಅದೇ ಹೊಲದಲ್ಲಿ ಹತ್ತು ಹೆಜ್ಜೆ ಇಟ್ಟರೆ ಚಪ್ಪಲಿಯ ಅಡಿಗೆ ಇನ್ನೊಂದು ಚಪ್ಪಲಿಯಷ್ಟು ದಪ್ಪಕ್ಕೆ ಕರಿಮಣ್ಣು ಮೆತ್ತಿಕೊಂಡು, ಕಡೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗುತ್ತದೆ. ಹೊರಗಿನಿಂದ ಬಂದವರಿಗೆ ಆ ನಾಡಿನ ನೆನಪು ಮಣ್ಣಾಗಿಯೇ ಉಳಿದಿದ್ದರೆ ಸಹಜ. ಕನ್ನಡದ ತಿರುಳೆಂದು ಹಳಬರು ಕರೆದ ಸೀಮೆಯೂ ಎರೆಯ ಸೀಮೆಯೂ ಒಂದರ ಮೇಲೊಂದು ಬೀಳುತ್ತವೆ ಎಂಬುದೇ ಈ ವಿವರಣೆಗೆ ಇರುವ ದೊಡ್ಡ ಬಲ. ಇದು ಪುರಾವೆಯಲ್ಲ, ಹೊಂದಾಣಿಕೆ ಅಷ್ಟೇ. ಆದರೂ ಇರುವ ವಿವರಣೆಗಳಲ್ಲಿ ಒಂದನ್ನು ಆರಿಸಲೇಬೇಕೆಂದರೆ ನಾನು ಇದರ ಕಡೆಗೇ ವಾಲುತ್ತೇನೆ.

‘ಕರ್ಣೇ ಅಟತಿ ಇತಿ ಕರ್ಣಾಟಕಃ’, ಕಿವಿಯಲ್ಲಿ ಸುಳಿದಾಡುವುದೇ ಕರ್ಣಾಟಕ ಎಂಬ ವಿವರಣೆ ಸರಿಯೇ?

ಇದು ಕೇಳಲು ಇಂಪಾದ ಚಮತ್ಕಾರ, ವ್ಯುತ್ಪತ್ತಿಯಲ್ಲ. ದೇಶೀ ಹೆಸರೊಂದು ಸಂಸ್ಕೃತಕ್ಕೆ ಹೋದ ಮೇಲೆ ಅದನ್ನು ಸಂಸ್ಕೃತದ ಧಾತುಗಳಿಂದಲೇ ಒಡೆದು ತೋರಿಸುವುದು ಪಂಡಿತರಿಗೆ ಪ್ರಿಯವಾದ ಆಟ. ‘ನಾಡು’ ಎಂಬುದು ಸಂಸ್ಕೃತದ ಬಾಯಲ್ಲಿ ‘ನಾಟ’ ಆಗುತ್ತದೆ ಎನ್ನುವುದಕ್ಕೆ ನಮ್ಮಲ್ಲೇ ಇನ್ನೊಂದು ಉದಾಹರಣೆ ಇದೆ: ಕಪಿಲೆಯ ದಂಡೆಯ ಪ್ರಾಚೀನ ಪುನ್ನಾಡು ಸಂಸ್ಕೃತ ಶಾಸನಗಳಲ್ಲಿ ‘ಪುನ್ನಾಟ’ ಎಂದಾಯಿತು. ಅಲ್ಲಿ ಕಿವಿಯೂ ಇಲ್ಲ, ಸುಳಿದಾಟವೂ ಇಲ್ಲ.

‘ಕನ್ನಡ’ ಮೊದಲೋ, ‘ಕರ್ನಾಟಕ’ ಮೊದಲೋ?

ಇದು ನಿಜವಾಗಿಯೂ ಗಂಟಿನ ಪ್ರಶ್ನೆ. ಒಂದು ಪಕ್ಷದ ಪ್ರಕಾರ ‘ಕರ್ಣಾಟ’ವು ಪ್ರಾಕೃತದ ಬಾಯಲ್ಲಿ ‘ಕಣ್ಣಾಡ’ ಆಗಿ, ಅಲ್ಲಿಂದ ‘ಕನ್ನಡ’ವಾಯಿತು, ಅಂದರೆ ‘ಕನ್ನಡ’ ತದ್ಭವ. ಇನ್ನೊಂದು ಪಕ್ಷದ ಪ್ರಕಾರ ‘ಕನ್ನಡ’ವೋ ಅದರ ಹಿಂದಿನ ರೂಪವೋ ದೇಶ್ಯ, ‘ಕರ್ಣಾಟ’ ಎಂಬುದು ಅದರ ಸಂಸ್ಕೃತೀಕರಣ.

ಎರಡೂ ಕಡೆ ತೊಡಕುಗಳಿವೆ. ‘ರ್’ ಅದರ ಮುಂದಿನ ವ್ಯಂಜನದಲ್ಲಿ ಕರಗುವುದು ಕನ್ನಡಕ್ಕೆ ಸಹಜ: ಕರ್ಪು ಕಪ್ಪಾಯಿತು, ಕರ್ಬುನ ಕಬ್ಬಿಣವಾಯಿತು. ಆ ದಾರಿಯಲ್ಲಿ ‘ಕರ್ನಾಡು’ ‘ಕನ್ನಾಡು’ ಆಗಬಹುದು. ಆದರೆ ‘ನಾ’ ಎಂಬ ದೀರ್ಘ ಏಕೆ ಹ್ರಸ್ವವಾಯಿತು? ಮಲೆನಾಡು, ತುಳುನಾಡುಗಳಲ್ಲಿ ಹಾಗೆ ಆಗಿಲ್ಲವಲ್ಲ. ಪ್ರಾಕೃತದ ಮೂಲಕ ಬಂದಿತೆಂದರೂ ಆ ಹ್ರಸ್ವಕ್ಕೆ ಕಾರಣ ಹೇಳಲೇಬೇಕು. ಹೀಗಾಗಿ ವೇದಿಕೆಯ ಮೇಲೆ ‘ಇದೇ ಮೊದಲು’ ಎಂದು ಖಡಾಖಂಡಿತವಾಗಿ ಹೇಳುವವರನ್ನು ಕಂಡಾಗ ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು.

ಬಳಕೆಯ ಮಟ್ಟಿಗೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ನಾಡಿಗೂ ನುಡಿಗೂ ಎರಡು ಹೆಸರುಗಳೂ ಸಲ್ಲುತ್ತಿದ್ದವು. ‘ಕಾವೇರಿಯಿಂದಮಾ ಗೋದಾವರಿವರಮಿರ್ದ ನಾಡದಾ ಕನ್ನಡದೊಳ್’ ಎಂದು ಕವಿರಾಜಮಾರ್ಗ ಹೇಳುವಾಗ ‘ಕನ್ನಡ’ ನಾಡಿನ ಹೆಸರು. ಹನ್ನೆರಡನೆಯ ಶತಮಾನದಲ್ಲಿ ನಾಗವರ್ಮನು ಸಂಸ್ಕೃತ ಸೂತ್ರಗಳಲ್ಲಿ ಬರೆದ ಕನ್ನಡ ವ್ಯಾಕರಣಕ್ಕೆ ‘ಕರ್ಣಾಟಕ ಭಾಷಾಭೂಷಣ’ ಎಂದೂ, 1604ರಲ್ಲಿ ಭಟ್ಟಾಕಳಂಕನು ತನ್ನ ವ್ಯಾಕರಣಕ್ಕೆ ‘ಕರ್ಣಾಟಕ ಶಬ್ದಾನುಶಾಸನ’ ಎಂದೂ ಹೆಸರಿಟ್ಟಾಗ ‘ಕರ್ಣಾಟಕ’ ನುಡಿಯ ಹೆಸರು. ನಾಡಿಗೆ ಕರ್ನಾಟಕ, ನುಡಿಗೆ ಕನ್ನಡ ಎಂಬ ಇಂದಿನ ಪಾಲು ಬಹಳ ಈಚಿನದು.

ಈ ಹೆಸರಿನ ಹಳೆಯ ಉಲ್ಲೇಖಗಳು ಎಲ್ಲಿವೆ?

ಮಹಾಭಾರತದ ಭೀಷ್ಮಪರ್ವದಲ್ಲಿ ಜನಪದಗಳ ಉದ್ದನೆಯ ಪಟ್ಟಿಯೊಂದಿದೆ. ಅದರ ಕೆಲವು ಪಾಠಗಳಲ್ಲಿ ದಕ್ಷಿಣದ ಜನರ ನಡುವೆ ‘ಕರ್ಣಾಟಕಾಃ’ ಎಂಬ ರೂಪ ಬರುತ್ತದೆ. ಪಾಠಾಂತರಗಳಿರುವುದರಿಂದ, ‘ಮಹಾಭಾರತದ ಕಾಲದಿಂದಲೂ’ ಎಂದು ಅದೊಂದರ ಮೇಲೆಯೇ ಕಟ್ಟಡ ಕಟ್ಟುವುದು ಸರಿಯಲ್ಲ.

ಕಾಲ ಗೊತ್ತಿರುವ ಉಲ್ಲೇಖ ಬೇಕೆಂದರೆ ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಗೆ ಹೋಗಬೇಕು. ಭಾರತವನ್ನು ಆಮೆಯ ಆಕಾರದಲ್ಲಿ ಕಲ್ಪಿಸಿ ದೇಶಗಳನ್ನು ದಿಕ್ಕುಗಳಿಗೆ ಹಂಚುವ ಕೂರ್ಮವಿಭಾಗದಲ್ಲಿ ಕರ್ಣಾಟವು ಚಿತ್ರಕೂಟ, ನಾಸಿಕ್ಯ, ಚೋಳಗಳ ಜೊತೆ ದಕ್ಷಿಣಕ್ಕೆ ಸೇರಿದೆ.

ನನಗೆ ಹೆಚ್ಚು ರುಚಿಸುವುವು ಸಾಹಿತ್ಯದ ಎರಡು ಉಲ್ಲೇಖಗಳು. ಶೂದ್ರಕನ ಮೃಚ್ಛಕಟಿಕ ನಾಟಕದ ಆರನೆಯ ಅಂಕದಲ್ಲಿ ಚಂದನಕನೆಂಬ ಕಾವಲಿನ ಅಧಿಕಾರಿ, ಗಾಡಿಯಲ್ಲಿ ಅಡಗಿರುವವನನ್ನು ಉಳಿಸಲು ಬೇಕೆಂದೇ ಜಗಳ ತೆಗೆಯಬೇಕಾದಾಗ, ‘ಕರ್ಣಾಟಕಲಹಪ್ರಯೋಗ’ ಮಾಡುತ್ತೇನೆ ಎಂದುಕೊಳ್ಳುತ್ತಾನೆ. ಕರ್ಣಾಟರ ಜಗಳದ ವರಸೆ ಉಜ್ಜಯಿನಿಯ ಬೀದಿಯಲ್ಲೂ ಹೆಸರುವಾಸಿಯಾಗಿತ್ತೆಂದು ಇದರಿಂದ ತಿಳಿಯಬೇಕು. ಅತ್ತ ತಮಿಳಿನ ಶಿಲಪ್ಪದಿಕಾರದಲ್ಲಿ, ನೀಲಗಿರಿಯಲ್ಲಿ ಬೀಡುಬಿಟ್ಟ ಚೇರ ದೊರೆ ಸೆಂಗುಟ್ಟುವನ ಮುಂದೆ ಕೊಂಕಣದ ಕುಣಿತದವರೊಡನೆ ‘ಕೊಡುಂ ಕರುನಾಡರ್’, ಅಂದರೆ ಒರಟು ಕರುನಾಡಿನವರು, ಬಂದು ಹಾಡಿ ಕುಣಿಯುತ್ತಾರೆ. ಆ ಕಾವ್ಯದ ಕಾಲದ ಬಗ್ಗೆ ಒಮ್ಮತವಿಲ್ಲ. ಆದರೂ ‘ಕರುನಾಡು’ ಎಂಬ ರೂಪ ಹಳೆಯ ತಮಿಳಿನಲ್ಲೇ ಇತ್ತೆಂಬುದಕ್ಕೆ ಇದು ಸಾಕ್ಷಿ. ಒಬ್ಬರಿಗೆ ನಾವು ಜಗಳಗಂಟರು, ಇನ್ನೊಬ್ಬರಿಗೆ ಒರಟು ಕಲಾವಿದರು. ಈ ಎಲ್ಲ ಉಲ್ಲೇಖಗಳಲ್ಲೂ ಮಾತನಾಡುತ್ತಿರುವವರು ಹೊರಗಿನವರೇ ಎಂಬುದನ್ನು ಗಮನಿಸಬೇಕು.

‘ಕರ್ಣಾಟಕ ಬಲ’ ಎಂದರೇನು?

ಬಾದಾಮಿ ಚಾಲುಕ್ಯರ ಸೈನ್ಯ. ಚಾಲುಕ್ಯರನ್ನು ಸೋಲಿಸಿದ ರಾಷ್ಟ್ರಕೂಟ ದಂತಿದುರ್ಗನ ಸಾಮಾನಗಡದ ತಾಮ್ರಪಟ ಶಕ 675ಕ್ಕೆ, ಅಂದರೆ ಕ್ರಿ.ಶ. 753–54ಕ್ಕೆ ಸೇರಿದ್ದು. ಕಂಚಿಯ ಒಡೆಯ, ಕೇರಳ, ಚೋಳ, ಪಾಂಡ್ಯ, ಶ್ರೀಹರ್ಷ, ವಜ್ರಟ ಇವರನ್ನೆಲ್ಲ ಮುರಿಯುವುದರಲ್ಲಿ ನುರಿತಿದ್ದ, ಬೇರೆಯವರಿಂದ ಗೆಲ್ಲಲಾಗದ ‘ಕರ್ಣಾಟಕ ಬಲ’ವನ್ನು ದಂತಿದುರ್ಗನು ಕೆಲವೇ ಭೃತ್ಯರ ನೆರವಿನಿಂದ ಗೆದ್ದನೆಂದು ಅದು ಹೇಳುತ್ತದೆ. ಶ್ರೀಹರ್ಷನೆಂದರೆ ನರ್ಮದೆಯ ಬಳಿ ಇಮ್ಮಡಿ ಪುಲಕೇಶಿಯಿಂದ ಸೋತ ಕನೌಜಿನ ಹರ್ಷವರ್ಧನ. ಗೆದ್ದವನು ತನ್ನ ಹಿರಿಮೆಗಾಗಿ ಸೋತವರನ್ನು ಹೊಗಳುವುದು ಪ್ರಶಸ್ತಿಗಳ ಹಳೆಯ ಜಾಣತನ. ಆ ಜಾಣತನದಿಂದಲೇ ಒಂದು ರಾಜಮನೆತನದ ಸೈನ್ಯವು ಮನೆತನದ ಹೆಸರಿನಿಂದಲ್ಲದೆ ನಾಡಿನ ಹೆಸರಿನಿಂದ ಗುರುತಾಗುತ್ತಿತ್ತು ಎಂಬ ಸಂಗತಿ ನಮಗೆ ಉಳಿದು ಬಂದಿದೆ.

ಹಾಗಾದರೆ ಕುಂತಲ ಎಂಬುದು ಇದರದೇ ಇನ್ನೊಂದು ಹೆಸರೇ?

ಪೂರ್ತಿಯಾಗಿ ಅಲ್ಲ. ಕುಂತಲವು ಬನವಾಸಿ ಮತ್ತು ಅದರ ಉತ್ತರದ ಸೀಮೆಗೆ ಸೇರಿದ ಹಳೆಯ ಹೆಸರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಅದು ಅವರ ರಾಜ್ಯದ ಗೌರವದ ಹೆಸರಾಗಿ ಹಿಗ್ಗಿತು. ಕುಂತಲ ಎಂದರೆ ಕೂದಲೂ ಆದ್ದರಿಂದ ಭೂದೇವಿಯ ಮುಂಗುರುಳಿನಂತಿರುವ ದೇಶವೆಂದು ಶಾಸನಕವಿಗಳು ಶ್ಲೇಷೆ ಮಾಡಿದರು. ಕರ್ಣಾಟ ಮತ್ತು ಕುಂತಲ ಕೆಲವೆಡೆ ಒಂದನ್ನೊಂದು ಹೊದ್ದುಕೊಂಡಿವೆ, ಕೆಲವೆಡೆ ಬೇರೆಯಾಗಿಯೇ ನಿಂತಿವೆ.

ಬಿಹಾರ, ಬಂಗಾಳಗಳಲ್ಲಿ ‘ಕರ್ಣಾಟ’ರು ಇದ್ದರೆಂಬುದು ನಿಜವೇ?

ನಿಜ. ಬಂಗಾಳ ಮತ್ತು ಬಿಹಾರಗಳನ್ನು ಆಳಿದ ಪಾಲ ಅರಸರ ತಾಮ್ರಪಟಗಳಲ್ಲಿ ದಾನದ ಸುದ್ದಿಯನ್ನು ಯಾರಿಗೆಲ್ಲ ತಿಳಿಸಬೇಕೆಂಬ ಪಟ್ಟಿಯ ಕೊನೆಗೆ ಗೌಡ, ಮಾಲವ, ಖಸ, ಹೂಣ, ಕುಲಿಕ, ಕರ್ಣಾಟ, ಲಾಟ ಎಂದು ಕೂಲಿಯ ಮೇಲೆ ದುಡಿಯುತ್ತಿದ್ದ ಸೈನಿಕರ ಹೆಸರುಗಳು ಬರುತ್ತವೆ. ಒಂಬತ್ತನೆಯ ಶತಮಾನದ ದೇವಪಾಲನ ಪಟಗಳಲ್ಲೇ ಇದನ್ನು ಕಾಣಬಹುದು. ಊರು ಬಿಟ್ಟು ನೂರಾರು ಹರದಾರಿ ದೂರ ಹೋಗಿ ಸಂಬಳಕ್ಕೆ ಕತ್ತಿ ಹಿಡಿದವರು ಅಲ್ಲಿಯ ಕಾಗದಪತ್ರದಲ್ಲಿ ತಮ್ಮ ನಾಡಿನ ಹೆಸರಿನಿಂದಲೇ ಉಳಿದರು.

ಮುಂದೆ ಹನ್ನೊಂದನೆಯ ಶತಮಾನದ ಕೊನೆಗೆ ಇಂಥವರೇ ಅರಸರಾದರು. 1097ರಲ್ಲಿ ನಾನ್ಯದೇವನು ಮಿಥಿಲೆಯಲ್ಲಿ ಸ್ಥಾಪಿಸಿದ ಮನೆತನವನ್ನು ಇತಿಹಾಸಕಾರರು ‘ಕರ್ಣಾಟ ವಂಶ’ವೆಂದೇ ಕರೆಯುತ್ತಾರೆ. ಅವರ ರಾಜಧಾನಿ ಸಿಮ್ರಾಂವ್‌ಗಢ ಇಂದಿನ ನೇಪಾಳದ ತೆರಾಯಿಯಲ್ಲಿದೆ. 1324ರ ಸುಮಾರಿಗೆ ಹರಿಸಿಂಹದೇವನ ಕಾಲದಲ್ಲಿ ದೆಹಲಿಯ ತುಘಲಕರ ದಾಳಿಯಿಂದ ಆ ರಾಜ್ಯ ಮುಗಿಯಿತು. ಆಮೇಲೆ ಕಾಠ್ಮಂಡು ಕಣಿವೆಯ ಮಲ್ಲ ಅರಸರು ತಮ್ಮ ಮೂಲವನ್ನು ಇದೇ ವಂಶಕ್ಕೆ ಜೋಡಿಸಿಕೊಂಡರು. ನಾನ್ಯದೇವನು ಭರತನ ನಾಟ್ಯಶಾಸ್ತ್ರಕ್ಕೆ ಸಂಬಂಧಿಸಿದ ಸಂಗೀತಗ್ರಂಥವೊಂದನ್ನೂ ಬರೆದಿದ್ದಾನೆ. ಬಂಗಾಳದ ಸೇನರೂ ದಕ್ಷಿಣದಿಂದ ಹೋದವರು. ಲಕ್ಷ್ಮಣಸೇನನ ಮಾಧಾಯಿನಗರದ ತಾಮ್ರಪಟ ಆ ಮನೆತನವನ್ನು ‘ಕರ್ಣಾಟಕ್ಷತ್ರಿಯ’ ಎಂದು ಹೇಳುತ್ತದೆ. ಇವರು ಮನೆಯಲ್ಲಿ ಕನ್ನಡ ಆಡುತ್ತಿದ್ದರೇ ಎಂಬುದಕ್ಕೆ ಆಧಾರ ಹುಡುಕುವುದು ವ್ಯರ್ಥ. ನಾಲ್ಕಾರು ತಲೆಮಾರು ಕಳೆದ ಮೇಲೂ ಹೆಸರನ್ನು ಬಿಡಲಿಲ್ಲ ಎಂಬುದೇ ಸಾಕಷ್ಟು ದೊಡ್ಡ ಸಂಗತಿ.

ಕಾಶ್ಮೀರದಲ್ಲಿ ಕರ್ಣಾಟದ ನಾಣ್ಯವಿತ್ತೆಂದು ಕೇಳಿದ್ದೇವೆ. ಅದೇನು?

ಹನ್ನೆರಡನೆಯ ಶತಮಾನದ ನಡುವೆ ಕಲ್ಹಣನು ಬರೆದ ರಾಜತರಂಗಿಣಿಯಲ್ಲಿ ಈ ಸಂಗತಿ ಬರುತ್ತದೆ. 1089ರಿಂದ 1101ರವರೆಗೆ ಕಾಶ್ಮೀರವನ್ನು ಆಳಿದ ವಿಲಾಸಿ ದೊರೆ ಹರ್ಷನಿಗೆ ದಕ್ಷಿಣದ ಶೈಲಿ ಪ್ರಿಯವಾಗಿತ್ತು, ಆದ್ದರಿಂದ ಅವನು ‘ಕರ್ಣಾಟಾನುಗುಣ’ವಾದ, ಅಂದರೆ ಕರ್ಣಾಟದ ಮಾದರಿಯ ಟಂಕವನ್ನು ಚಲಾವಣೆಗೆ ತಂದನು ಎಂದು ಕಲ್ಹಣ ಹೇಳುತ್ತಾನೆ. ಆನೆಯ ಚಿತ್ರವಿರುವ ಹರ್ಷನ ನಾಣ್ಯಗಳು ಸಿಕ್ಕಿರುವುದರಿಂದ ಇದು ಬರಿಯ ಕವಿಮಾತಲ್ಲ. ಅದೇ ಹೊತ್ತಿನಲ್ಲಿ ಕಾಶ್ಮೀರದ ಕವಿ ಬಿಲ್ಹಣನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದು, ಆ ದೊರೆಯ ಚರಿತ್ರೆಯನ್ನು ಕಾವ್ಯವಾಗಿ ಬರೆದನು. ಕವಿಯೊಬ್ಬ ತೆಂಕಣಕ್ಕೆ ಬಂದ, ನಾಣ್ಯದ ಅಚ್ಚೊಂದು ಬಡಗಣಕ್ಕೆ ಹೋಯಿತು.

ವಿಜಯನಗರದವರು ತಮ್ಮ ರಾಜ್ಯವನ್ನು ಏನೆಂದು ಕರೆದುಕೊಂಡರು?

ವಿಜಯನಗರ ಎಂಬುದು ಪಟ್ಟಣದ ಹೆಸರು. ರಾಜ್ಯಕ್ಕೆ ‘ಕರ್ಣಾಟ ರಾಜ್ಯ’, ‘ಕರ್ಣಾಟ ಸಾಮ್ರಾಜ್ಯ’ ಎಂಬ ಹೆಸರುಗಳು ಬಳಕೆಯಲ್ಲಿದ್ದವು. ‘ವಿಜಯನಗರ ಸಾಮ್ರಾಜ್ಯ’ ಎಂಬ ಇಂದಿನ ರೂಢಿ ಇತಿಹಾಸ ಪುಸ್ತಕಗಳಿಂದ ಬಂದದ್ದು. ತೆಲುಗಿನ ಮಹಾಕವಿ ಶ್ರೀನಾಥನು ಪ್ರೌಢದೇವರಾಯನ ಆಸ್ಥಾನಕ್ಕೆ ಬಂದು ದರ್ಶನ ಸಿಗದೆ ಬೇಸತ್ತಾಗ, ‘ತಲ್ಲೀ, ಕನ್ನಡ ರಾಜ್ಯಲಕ್ಷ್ಮೀ, ದಯಲೇದಾ’ ಎಂದು ಹಾಡಿಕೊಂಡನೆಂಬ ಚಾಟುಪದ್ಯ ತೆಲುಗರ ಬಾಯಲ್ಲಿ ಇಂದಿಗೂ ಇದೆ. ಆ ರಾಜ್ಯದಲ್ಲಿ ತೆಲುಗರೂ ತಮಿಳರೂ ಇದ್ದರು, ಶಾಸನಗಳು ಮೂರೂ ನುಡಿಗಳಲ್ಲಿ ಹೊರಟವು. ಹೆಸರು ಮಾತ್ರ ಕರ್ಣಾಟವೇ ಆಗಿತ್ತು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳದಿದ್ದರೆ ಮುಂದಿನ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ.

ಕರ್ನಾಟಕ ಯುದ್ಧಗಳು ಕರ್ನಾಟಕದಲ್ಲಿ ಏಕೆ ನಡೆಯಲಿಲ್ಲ?

ಶಾಲೆಯಲ್ಲಿ ನಮ್ಮನ್ನೆಲ್ಲ ತಬ್ಬಿಬ್ಬುಗೊಳಿಸಿದ ಪ್ರಶ್ನೆ ಇದು. 1746ರಿಂದ 1763ರ ನಡುವೆ ಇಂಗ್ಲಿಷರೂ ಫ್ರೆಂಚರೂ ಮೂರು ಸುತ್ತು ಕಾದಾಡಿದ್ದು ಮದರಾಸು, ಆರ್ಕಾಟು, ತಿರುಚಿನಾಪಳ್ಳಿ, ಪುದುಚೇರಿಗಳ ಸುತ್ತ. ಪುಸ್ತಕದಲ್ಲಿ ‘ಕರ್ನಾಟಿಕ್ ಯುದ್ಧ’ ಎಂದಿರುತ್ತದೆ, ನಕ್ಷೆಯಲ್ಲಿ ಒಂದೂ ನಮ್ಮ ಊರಿಲ್ಲ.

ಕಾರಣ ಹೀಗಿದೆ. 1565ರ ಸೋಲಿನ ಬಳಿಕ ರಾಯರ ವಂಶದವರು ಹಂಪೆಯನ್ನು ಬಿಟ್ಟು ಪೆನುಗೊಂಡೆಗೂ, ಅಲ್ಲಿಂದ ಚಂದ್ರಗಿರಿಗೂ ವೆಲ್ಲೂರಿಗೂ ಸರಿದರು. ಅರಸರ ಜೊತೆಗೆ ‘ಕರ್ಣಾಟ ರಾಜ್ಯ’ ಎಂಬ ಹೆಸರೂ ಆಗ್ನೇಯಕ್ಕೆ ಸರಿಯಿತು. ಬಿಜಾಪುರದ ಸುಲ್ತಾನರು, ಅನಂತರ ಮೊಗಲರು ಆ ನೆಲವನ್ನು ಹಿಡಿದಾಗ ಘಟ್ಟದ ಮೇಲಿನದನ್ನು ಕರ್ನಾಟಕ ಬಾಲಾಘಾಟ್ ಎಂದೂ ಘಟ್ಟದ ಕೆಳಗಿನದನ್ನು ಕರ್ನಾಟಕ ಪಾಯಿನ್‌ಘಾಟ್ ಎಂದೂ ಕರೆದರು. ಶಿವಾಜಿಯ 1677–78ರ ಕರ್ನಾಟಕ ದಂಡಯಾತ್ರೆ ಜಿಂಜಿ, ವೆಲ್ಲೂರುಗಳ ಕಡೆಗೆ ನಡೆದದ್ದೂ ಇದೇ ಅರ್ಥದಲ್ಲಿ. ಘಟ್ಟದ ಮೇಲೆ ಮೊಗಲರ ಸುಬೇದಾರಿಕೆಗೆ ಶಿರಾ ಕೇಂದ್ರವಾಯಿತು; ಅದರ ಸುತ್ತಲಿನ ನೆಲ ಕಾಲಕ್ರಮದಲ್ಲಿ ಮೈಸೂರಿಗೆ ಸೇರಿ ‘ಮೈಸೂರು’ ಎಂಬ ಹೆಸರಿನ ನೆರಳಿಗೆ ಬಂತು. ಘಟ್ಟದ ಕೆಳಗೆ ಆರ್ಕಾಟಿನ ನವಾಬನು ಮಾತ್ರ ಕರ್ನಾಟಕದ ನವಾಬನಾಗಿಯೇ ಉಳಿದನು. ಇಂಗ್ಲಿಷರು ಮೊದಲು ವ್ಯವಹರಿಸಿದ್ದು ಅವನೊಡನೆ. ಹೀಗಾಗಿ ಅವರ ಕಡತಗಳಲ್ಲಿ ‘ಕರ್ನಾಟಿಕ್’ ಎಂದರೆ ಪೂರ್ವಘಟ್ಟಕ್ಕೂ ಚೋಳಮಂಡಲ ಕರಾವಳಿಗೂ ನಡುವಿನ ತಮಿಳು ಬಯಲು ಎಂದು ನಿಂತುಹೋಯಿತು. 1801ರಲ್ಲಿ ಕಂಪನಿಯು ಆ ರಾಜ್ಯದ ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಹೆಸರಿನ ಒಡೆಯರು ಹೆಸರಿನ ಹೊರಗೆ ಉಳಿದ ವಿಚಿತ್ರ ಕಾಲವದು.

‘ಕೆನರಾ’ ಎಂಬುದೂ ಇದೇ ಪದವೇ?

ಹೌದು. ಪೋರ್ಚುಗೀಸರು ‘ಕನ್ನಡ’ವನ್ನು ‘ಕನರಾ’ ಎಂದು ಉಚ್ಚರಿಸಿದರು; ಇಂಗ್ಲಿಷರು ಅದನ್ನೇ ಕರಾವಳಿಯ ಜಿಲ್ಲೆಗೆ ಇಟ್ಟರು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕೆನರಾ ಮದರಾಸಿನಲ್ಲೇ ಉಳಿಯಿತು. ತುಳು, ಕೊಂಕಣಿ, ಬ್ಯಾರಿ ಮಾತುಗಳೇ ಬೀದಿಯಲ್ಲಿ ಹೆಚ್ಚು ಕೇಳಿಸುವ ಮಂಗಳೂರಿಗೆ ‘ಕನ್ನಡ’ ಎಂಬ ಹೆಸರಿನ ಜಿಲ್ಲೆ ದಕ್ಕಿದ್ದು ಹೀಗೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಸ್ಥಾಪಿಸಿದ ನಿಧಿಯ ಹೆಸರಿನಲ್ಲಿದ್ದ ‘ಕೆನರಾ’ ಇಂದು ಬ್ಯಾಂಕಿನ ಫಲಕಗಳಲ್ಲಿ ದೇಶದ ತುಂಬ ಕಾಣಿಸುತ್ತದೆ.

ಕರ್ನಾಟಕ ಸಂಗೀತಕ್ಕೆ ಆ ಹೆಸರು ಬಂದದ್ದು ಈ ನಾಡಿನಿಂದಲೇ?

ಹೆಸರು ಈ ನಾಡಿನದೇ, ಆದರೆ ಅದು ಸೂಚಿಸುವುದು ಇಂದಿನ ರಾಜ್ಯವನ್ನಲ್ಲ. ತಂಜಾವೂರು ಸೀಮೆಯ ಸಂಗೀತ ತ್ರಿಮೂರ್ತಿಗಳಾದ ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತ, ಶ್ಯಾಮಾಶಾಸ್ತ್ರಿಗಳು ತೆಲುಗು, ಸಂಸ್ಕೃತಗಳಲ್ಲಿ ಕೃತಿ ರಚಿಸಿದ ಪದ್ಧತಿಗೂ ಇದೇ ಹೆಸರಿದೆ. ಕರ್ಣಾಟ ಎಂಬ ಹೆಸರು ಇಡೀ ದಕ್ಷಿಣಕ್ಕೆ ವ್ಯಾಪಿಸಿದ್ದ ಕಾಲದ ನೆನಪು ಅದರಲ್ಲಿದೆ. ಪುರಂದರದಾಸರನ್ನು ಕರ್ನಾಟಕ ಸಂಗೀತ ಪಿತಾಮಹರೆಂದು ಕರೆಯುವಾಗ ಮಾತ್ರ ಎರಡು ಅರ್ಥಗಳೂ ಒಂದಾಗುತ್ತವೆ.

ರಾಗಗಳ ಹೆಸರುಗಳಲ್ಲಿ ಪದ ಇನ್ನೂ ಚೆನ್ನಾಗಿ ಉಳಿದಿದೆ. ಹಿಂದೂಸ್ತಾನಿಯ ದರ್ಬಾರಿ ಕಾನಡಾ, ನಾಯಕೀ ಕಾನಡಾ ಮೊದಲಾದವುಗಳ ‘ಕಾನಡಾ’ ಎಂಬುದು ‘ಕರ್ಣಾಟ’ದ ರೂಪಾಂತರ. ನಮ್ಮಲ್ಲಿ ಕರ್ನಾಟಕ ದೇವಗಾಂಧಾರಿ, ಕರ್ನಾಟಕ ಕಾಪಿ, ಕರ್ನಾಟಕ ಬೇಹಾಗ್ ಎಂದು ಹೇಳುವಾಗ ‘ಅವರದಲ್ಲ, ನಮ್ಮದು’ ಎಂದು ಬೇರ್ಪಡಿಸಿ ಹೇಳಿದಂತೆ.

ಪಂಢರಪುರದ ವಿಠ್ಠಲನಿಗೂ ಈ ಹೆಸರಿಗೂ ಏನು ಸಂಬಂಧ?

ಹದಿಮೂರನೆಯ ಶತಮಾನದ ಜ್ಞಾನೇಶ್ವರರ ಹೆಸರಿನಲ್ಲಿರುವ ಅಭಂಗವೊಂದು ‘ಕಾನಡಾ ಹೋ ವಿಠ್ಠಲು ಕರ್ನಾಟಕು’ ಎಂದು ವಿಠ್ಠಲನನ್ನು ಕರೆಯುತ್ತದೆ. ಮರಾಠಿಯಲ್ಲಿ ‘ಕಾನಡಾ’ ಎಂಬುದಕ್ಕೆ ಕನ್ನಡದವನು ಎಂಬ ಅರ್ಥದ ಜೊತೆಗೆ, ಸುಲಭವಾಗಿ ತಿಳಿಯದವನು ಎಂಬ ಅರ್ಥವೂ ಇದೆ. ನೆರೆಯ ನುಡಿ ಅರ್ಥವಾಗದಿದ್ದಾಗ ಹುಟ್ಟಿದ ಅರ್ಥವದು. ಕವಿ ಎರಡನ್ನೂ ಉದ್ದೇಶಿಸಿರಬಹುದು. ‘ವಿಠ್ಠಲ ನಮ್ಮವನು’ ಎಂಬ ಎರಡೂ ಕಡೆಯ ಹಟಕ್ಕೆ ಈ ಒಂದು ಸಾಲನ್ನೇ ಪುರಾವೆಯಾಗಿಸುವುದು ಅಭಂಗಕ್ಕೆ ಮಾಡುವ ಅನ್ಯಾಯ. ಇದೇ ರೀತಿ ಪದ್ಮಪುರಾಣದ ಭಾಗವತ ಮಾಹಾತ್ಮ್ಯದಲ್ಲಿ ಭಕ್ತಿಯೆಂಬ ಹೆಣ್ಣು, ತಾನು ದ್ರವಿಡದಲ್ಲಿ ಹುಟ್ಟಿ ಕರ್ಣಾಟಕದಲ್ಲಿ ಬೆಳೆದೆನೆಂದು ಹೇಳಿಕೊಳ್ಳುತ್ತಾಳೆ.

ಕರ್ಣಾಟಕವೋ, ಕರ್ನಾಟಕವೋ?

ಸಂಸ್ಕೃತದಲ್ಲಿ ರೇಫದ ಮುಂದೆ ‘ಣ’ ಬರುವುದರಿಂದ ಹಳೆಯ ಗ್ರಂಥಗಳಲ್ಲಿ ‘ಕರ್ಣಾಟಕ’ ಎಂದೇ ಇದೆ. ‘ನಾಡು’ವಿನ ‘ನ’ಕಾರವನ್ನು ಉಳಿಸಿಕೊಂಡ ‘ಕರ್ನಾಟಕ’ ಇಂದು ಸರ್ಕಾರದ ಮತ್ತು ಪತ್ರಿಕೆಗಳ ರೂಪ. ಹಳೆಯದನ್ನು ಬರೆದವರನ್ನು ತಿದ್ದಬೇಕಿಲ್ಲ. ತಿದ್ದಲೇಬೇಕಾದದ್ದು ಇನ್ನೊಂದಿದೆ. ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು ಕುಟ್ಟಿ ‘ಕನಾ೯ಟಕ’ ಎಂದು ಬರೆದ ಫಲಕಗಳು ಇಂದಿಗೂ ಅಂಗಡಿಗಳ ಮೇಲೆ ಇವೆ. ಕಣ್ಣಿಗೆ ವ್ಯತ್ಯಾಸ ತಿಳಿಯದಿದ್ದರೂ ಕಂಪ್ಯೂಟರಿನಲ್ಲಿ ‘ಕರ್ನಾಟಕ’ ಎಂದು ಹುಡುಕಿದರೆ ಅವು ಸಿಗುವುದೇ ಇಲ್ಲ.

ರಾಜ್ಯಕ್ಕೆ ಈ ಹೆಸರು ಇಡಲು 1973ರವರೆಗೆ ಏಕೆ ಕಾಯಬೇಕಾಯಿತು?

ಏಕೀಕರಣದ ಚಳವಳಿಯುದ್ದಕ್ಕೂ ಕೂಗಿದ ಹೆಸರು ಕರ್ನಾಟಕವೇ. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, ಬೆಂಗಳೂರಿನಲ್ಲಿ 1915ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು, 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೀಗೆ ರಾಜ್ಯ ಹುಟ್ಟುವ ಮೊದಲೇ ಹೆಸರು ಊರಿಂದೂರಿಗೆ ಓಡಾಡುತ್ತಿತ್ತು. ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದವರಿಗೆ ತಮ್ಮನ್ನು ಒಟ್ಟಾಗಿ ಕರೆದುಕೊಳ್ಳಲು ಬೇರೆ ಹೆಸರೂ ಇರಲಿಲ್ಲ.

1956ರ ನವೆಂಬರ್ 1ರಂದು ಈ ಭಾಗಗಳು ಕೂಡಿದಾಗ ಹೊಸ ರಾಜ್ಯಕ್ಕೆ ‘ಮೈಸೂರು’ ಎಂಬ ಹೆಸರೇ ಮುಂದುವರಿಯಿತು. ಹಳೆಯ ಮೈಸೂರಿನ ಅನೇಕರಿಗೆ ಆ ಹೆಸರಿನೊಂದಿಗೆ ಅರಮನೆ, ದಸರೆ, ಒಳ್ಳೆಯ ಆಡಳಿತದ ನೆನಪುಗಳು ಬೆಸೆದುಕೊಂಡಿದ್ದವು. ಉತ್ತರದವರಿಗೆ ಅದೇ ಹೆಸರು, ತಾವು ಬೇರೊಬ್ಬರ ಮನೆಗೆ ಬಂದ ನೆಂಟರೆಂಬ ಭಾವನೆಯನ್ನು ಕೊಡುತ್ತಿತ್ತು. ವಿಧಾನಮಂಡಲದ ನಿರ್ಣಯ, ಸಂಸತ್ತಿನ ಕಾಯ್ದೆ ಆಗಿ, ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ 1973ರ ನವೆಂಬರ್ 1ರಂದು ರಾಜ್ಯ ‘ಕರ್ನಾಟಕ’ವಾಯಿತು. ಮೈಸೂರು ಸೀಮೆಯವರೇ ಆದ ಮುಖ್ಯಮಂತ್ರಿಯ ಕೈಯಲ್ಲಿ ಮೈಸೂರೆಂಬ ಹೆಸರು ಬದಲಾದದ್ದು ಅಸಮಾಧಾನವನ್ನು ಸ್ವಲ್ಪ ತಣಿಸಿರಬೇಕೆಂದು ನನ್ನ ಊಹೆ.

ಆಮೇಲೂ ಹೆಸರಿನ ಕೆಲಸ ನಿಂತಿಲ್ಲ. ಹೈದರಾಬಾದ್ ಕರ್ನಾಟಕವು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ಮುಂಬಯಿ ಕರ್ನಾಟಕವು 2021ರಲ್ಲಿ ಕಿತ್ತೂರು ಕರ್ನಾಟಕವಾಯಿತು. ಎರಡರಲ್ಲೂ ಬದಲಾದದ್ದು ಮೊದಲ ಪದ ಮಾತ್ರ.

‘ಕರುನಾಡು’ ಎಂದು ಬರೆಯಬಹುದೇ?

ಧಾರಾಳವಾಗಿ. ಕವಿತೆಗೂ ಭಾಷಣಕ್ಕೂ ಅದು ಒಪ್ಪುತ್ತದೆ, ಹಳೆಯ ತಮಿಳಿನ ಸಾಕ್ಷಿಯೂ ಅದಕ್ಕಿದೆ. ಆದರೆ ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಯಲ್ಲಿ ‘ಕರ್ನಾಟಕ’ ಎಂದೇ ಇರಲಿ.